ಎಳೆಯಬಾರದ ನಾರು

ನಮ್ಮ ಕಾಲದಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಅವರು ತೀರಿಕೊಂಡು ಬಹಳ ವರ್ಷಗಳಾದವು, ಇನ್ನು ಕಡಿಮೆಯಾಗಲು ಏನೂ ಉಳಿದಿಲ್ಲ. ಆದರೂ ಬರೆಯಲು ಕೂತರೆ ಕೈ ಮುಂದೆ ಹೋಗುವುದಿಲ್ಲ. ಹಾಗಾಗಿ ಇಲ್ಲಿ ಅವರು 'ನಮ್ಮವರು', ಅವರ ತಾಯಿ ನನ್ನ ಅತ್ತೆ. ಇಷ್ಟು ಗೊತ್ತಿದ್ದರೆ ಸಾಕು.

ನಾನು ಹುಟ್ಟಿದ್ದು ವಿಜಯಪುರದಲ್ಲಿ. ಆಗ ಎಲ್ಲರೂ ವಿಜಾಪುರ ಅನ್ನುತ್ತಿದ್ದರು. ಇಬ್ರಾಹಿಂಪುರದ ಕಡೆ, ರೈಲು ಹಳಿಯ ಹತ್ತಿರ ನಮ್ಮ ಮನೆ. ತಂದೆ ಹತ್ತಿ ಗಿರಣಿಯಲ್ಲಿ ಗುಮಾಸ್ತರು. ನನ್ನನ್ನು ಕನ್ನಡ ಶಾಲೆಗೆ ಕಳಿಸಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ತನಕ ಓದಿಸಿದರು, ಆಮೇಲೆ ಬಬಲೇಶ್ವರದ ಒಕ್ಕಲು ಮನೆತನಕ್ಕೆ ಕೊಟ್ಟರು. ದೊಡ್ಡ ಯುದ್ಧ ನಡೆದಿದ್ದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸಕ್ಕರೆ ಸಿಗುತ್ತಿರಲಿಲ್ಲ. ವರ ಸಿಕ್ಕಿದ್ದೇ ದೊಡ್ಡದು ಎಂದು ತಾಯಿ ಹೇಳಿದಳು.

ವರನ ಬಗ್ಗೆ ಮದುವೆಗೆ ಮೊದಲು ನನ್ನ ಕಿವಿಗೆ ಬಿದ್ದದ್ದು ಒಂದೇ ಸಂಗತಿ: ಬಹಳ ಶಕ್ತಿವಂತ. ತಿಕೋಟಾದಲ್ಲಿ ನಮ್ಮ ಅತ್ತೆಯ ತವರುಮನೆಯ ಓಣಿಯೊಳಗೆ ಒಂದು ಗುಂಡುಕಲ್ಲು ಬಿದ್ದಿತ್ತು. ಹುಡುಗರು ಹಬ್ಬದ ದಿನ ಅದನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಮನೆಗೆ ಬರುತ್ತಿದ್ದರು. ನಮ್ಮವರು ಅದನ್ನು ಎತ್ತಿ, ಹೆಗಲ ಮೇಲೆ ಇಟ್ಟುಕೊಂಡು, ಒಂದಿಷ್ಟು ನಡೆದಾಡಿ, ಯಾರೊಂದಿಗೋ ಮಳೆಯ ವಿಚಾರ ಮಾತಾಡಿ ಕೆಳಗೆ ಇಳಿಸಿದ್ದರಂತೆ. ಕಲ್ಲು ಎತ್ತುವುದಕ್ಕೂ ಹೆಂಡತಿಯನ್ನು ಬಾಳಿಸುವುದಕ್ಕೂ ಏನು ಸಂಬಂಧ ಎಂದು ನನ್ನ ತಂದೆಯನ್ನು ಕೇಳಬೇಕೆನ್ನಿಸಿತ್ತು. ಕೇಳಲಿಲ್ಲ.

ಬಬಲೇಶ್ವರದ ಮನೆಗೆ ಬಂದ ಮೇಲೆ ನನಗೆ ತಿಳಿದದ್ದು ಇಷ್ಟು. ಆ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಅತ್ತೆ ಎಲ್ಲವನ್ನೂ ಶಿವನಿಗೆ ಬಿಟ್ಟವರು. ಹಾಲು ಉಕ್ಕಿದರೂ ಶಿವ, ಎಮ್ಮೆ ಈದರೂ ಶಿವ. ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಅವರು ಏಳುವ ತನಕ ಒಲೆ ಹೊತ್ತಿಸುವ ಹಾಗಿಲ್ಲ. ಯಾವ ತಾಪತ್ರಯ ಬಂದರೂ ಅವರ ಬಾಯಲ್ಲಿ ಒಂದೇ ಮಾತು: "ಶಿವ ಅದಾನ."

ನಮ್ಮವರು ಇದಕ್ಕೆ ಎದುರು ಹೇಳುತ್ತಿರಲಿಲ್ಲ. ನಿಧಾನವಾಗಿ ಇಷ್ಟೇ ಅನ್ನುವರು: "ಶಿವ ಅದಾನ, ಇರಲಿ. ನಾನೂ ಅದೇನಿ."

ಅವರು ನಾಸ್ತಿಕರಲ್ಲ. ಹಣೆಗೆ ವಿಭೂತಿ ಹಚ್ಚುತ್ತಿದ್ದರು, ಸೋಮವಾರ ಒಂದು ಹೊತ್ತು ಉಣ್ಣುತ್ತಿದ್ದರು. ಆದರೆ ದೇವರಿಗೆ ಏನನ್ನೂ ಕೇಳುತ್ತಿರಲಿಲ್ಲ. ಅವನು ಎರಡು ತೋಳು ಕೊಟ್ಟಿದ್ದಾನೆ, ಮತ್ತೆ ಮತ್ತೆ ಹೋಗಿ ಬಾಗಿಲು ಬಡಿಯುವುದು ಮರ್ಯಾದೆಯಲ್ಲ ಎಂಬುದು ಅವರ ಲೆಕ್ಕಾಚಾರ.

ಒಮ್ಮೆ ಮುಂಬಾಗಿಲಿನ ಚಿಲಕ ಮುರಿಯಿತು. ಆ ದಿನಗಳಲ್ಲಿ ಸುತ್ತಲಿನ ಊರುಗಳಲ್ಲಿ ಕಳ್ಳತನ ಬಹಳ. ಅತ್ತೆ ಬಾಗಿಲನ್ನು ಚಿಲಕವಿಲ್ಲದೆ ಹಾಗೆಯೇ ಮುಚ್ಚಿ, ಶಿವ ಕಾಯುತ್ತಾನೆ ಎಂದು ಮಲಗಿದರು. ನಮ್ಮವರು ಅಡುಗೆಮನೆಯ ಮೂಲೆಯಿಂದ ಹಳೆಯ ರುಬ್ಬುಗಲ್ಲೊಂದನ್ನು ತಂದು ಬಾಗಿಲಿಗೆ ಅಡ್ಡ ಇಟ್ಟರು. ಕಳ್ಳರು ಬರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅವರು ಏಳುವ ತನಕ ಮನೆಯಿಂದ ಯಾರೂ ಹೊರಗೆ ಹೋಗುವಂತಿರಲಿಲ್ಲ, ಒಳಗೆ ಬರುವಂತಿರಲಿಲ್ಲ. ಕಲ್ಲನ್ನು ಸರಿಸುವ ಶಕ್ತಿ ಮತ್ತಾರಿಗೂ ಇರಲಿಲ್ಲ. ಅತ್ತೆ ಕೈಯಲ್ಲಿ ತಂಬಿಗೆ ಹಿಡಿದುಕೊಂಡು ಬಾಗಿಲ ಮುಂದೆ ಕೂತಿದ್ದರು. ಬಡಗಿ ಬಂದು ಹೊಸ ಚಿಲಕ ಹಾಕುವ ತನಕ ಹೀಗೆಯೇ ನಡೆಯಿತು. ಯಾರ ಪಕ್ಷ ಗೆದ್ದಿತು ಎಂದು ನನಗೆ ಹೇಳಲು ಬರುವುದಿಲ್ಲ.

ನಾನು ಯಾವ ಪಕ್ಷಕ್ಕೂ ಸೇರಲಿಲ್ಲ. ಹೊಸ ಸೊಸೆ. ರೊಟ್ಟಿ ಬಡಿಯುವುದರಲ್ಲಿಯೇ ಹೊತ್ತು ಹೋಗುತ್ತಿತ್ತು.

ಆಗ ನಮ್ಮ ಕಡೆ ನಾರುಹುಣ್ಣು ಇರದ ಮನೆ ಇರಲಿಲ್ಲ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಮೆಟ್ಟಿಲು ಇಳಿದು ನೀರು ತುಂಬುವ ಬಾವಿಗಳು. ಕಾಲು ಅದ್ದಿಯೇ ಕೊಡ ತುಂಬಬೇಕು, ಅದೇ ನೀರನ್ನು ಕುಡಿಯಬೇಕು. ಆ ನೀರಿನಿಂದಲೇ ಬರುತ್ತದೆ ಎಂದು ಆಮೇಲೆ ತಿಳಿಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಕಾಲಿಗೆ ಬೆಂಕಿ ಸುಟ್ಟಂಥ ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳು ಇಣುಕುತ್ತದೆ. ಅದೇ ನಾರು. ಅದರ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ತಣ್ಣೀರು ಹಾಕುತ್ತ, ದಿನಕ್ಕೆ ಒಂದಿಷ್ಟು, ಅದು ಬಂದಷ್ಟು, ಹೊರಗೆ ಸುತ್ತಿಕೊಳ್ಳಬೇಕು. ಎಳೆಯಬಾರದು. ಎಳೆದರೆ ಹರಿಯುತ್ತದೆ. ಹರಿದರೆ ಒಳಗೆ ಉಳಿದದ್ದು ಕೊಳೆತು ಕಾಲನ್ನೇ ತಿನ್ನುತ್ತದೆ. ಇದು ವೈದ್ಯರ ಗುಟ್ಟೇನಲ್ಲ, ಓಣಿಯ ಪ್ರತಿಯೊಬ್ಬರಿಗೂ ಗೊತ್ತಿದ್ದ ಮಾತು. ನಮ್ಮವರಿಗೂ ಗೊತ್ತಿತ್ತು.

ನನ್ನ ಮದುವೆಯಾದ ಮರುವರ್ಷ, ಮಿರಗದ, ಅಂದರೆ ಮೃಗಶಿರದ, ಮಳೆಗೆ ಜನ ಮುಗಿಲು ನೋಡುತ್ತಿದ್ದಾಗ, ನಮ್ಮವರ ಎಡಗಾಲಿಗೆ, ಪಾದದ ಕೀಲಿನ ಹರಡಿನ ಮೇಲೆ, ನಾರು ಬಂತು. ಮೊದಲ ಸಲ. ಅಲ್ಲಿಯ ತನಕ ತನಗೆ ಬರುವುದಿಲ್ಲ ಎಂದೇ ಅವರು ತಿಳಿದಿದ್ದರು. ಹೊಲಕ್ಕೆ ಕುಂಟೆ ಹೊಡೆದು ಹರಗುವುದು ಬಾಕಿ ಇತ್ತು. ಮಳೆ ಬಿದ್ದ ಕೂಡಲೇ ಹೆಸರು, ತೊಗರಿ ಬಿತ್ತಬೇಕು.

ಅತ್ತೆ ತುದಿಯನ್ನು ಕಡ್ಡಿಗೆ ಸುತ್ತಿ, ಅರಿವೆಯಿಂದ ಕಾಲಿಗೆ ಕಟ್ಟಿ ಹೇಳಿದರು: "ಸುಮ್ಮನ ಹೊರಸಿನ ಮ್ಯಾಲ ಬೀಳು. ಬರುವಷ್ಟ ಬರತೈತಿ."

"ಎಷ್ಟ ದಿನಾ?"

"ಅದಕ್ಕ ಗೊತ್ತು, ಶಿವಗ ಗೊತ್ತು."

ಹೊರಸಿನ ಮೇಲೆ ಮಲಗುವುದು ಅವರಿಗೆ ರೂಢಿ ಇರಲಿಲ್ಲ. ಬೆಳಿಗ್ಗೆ ಕಡ್ಡಿ ಒಂದು ಸುತ್ತು ತಿರುಗುತ್ತಿತ್ತು. ಕೆಲವು ದಿನ ಅರ್ಧ ಸುತ್ತು. ಒಂದು ದಿನ ತಿರುಗಲೇ ಇಲ್ಲ. ಅವರು ಅದನ್ನೇ ನೋಡುತ್ತ ಕೂತಿರುತ್ತಿದ್ದರು. ಮನುಷ್ಯರಲ್ಲಿ ಯಾರೂ ಅವರನ್ನು ಹೀಗೆ ಕಾಯಿಸಿದ್ದಿಲ್ಲ.

ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದೆ. ಅತ್ತೆ ಬಾವಿಗೆ ಹೋಗಿದ್ದರು. ಪಡಸಾಲೆಯಿಂದ ನಮ್ಮವರು ಕರೆದರು. ಹೋಗಿ ನೋಡಿದರೆ ಕಡ್ಡಿ ಅವರ ಕೈಯಲ್ಲಿತ್ತು, ಅದಕ್ಕೆ ಗೇಣುದ್ದದ ನಾರು ಜೋತಾಡುತ್ತಿತ್ತು. ಕಾಲಿನಿಂದ ಸಣ್ಣಗೆ ರಕ್ತ ಬರುತ್ತಿತ್ತು.

"ಬಂತು ನೋಡು," ಅಂದರು.

"ಪೂರಾ ಬಂತೇನ್ರಿ?"

ಅವರು ನಾರನ್ನು ನೋಡಿದರು, ಕಾಲನ್ನು ನೋಡಿದರು. "ಬಂದಷ್ಟು ಬಂದೈತಿ," ಅಂದರು.

ಮರುದಿನಕ್ಕೆ ಹರಡು ಬಾತಿತು. ಅದರ ಮರುದಿನ ಬಾವು ಮೊಣಕಾಲಿಗೆ ಏರಿತು. ಜ್ವರ ಬಂತು. ಕಾಖಂಡಕಿಯಿಂದ ಬಂದ ನಾಟಿ ವೈದ್ಯರೊಬ್ಬರು ಬೇವಿನ ಎಲೆ, ಇಂಗು ಅರೆದು ಕಟ್ಟಿದರು. ಎರಡನೆಯ ಸಲ ಬಂದಾಗ ಕಟ್ಟು ಬಿಚ್ಚಿ ನೋಡಿ, ಮತ್ತೆ ಮೊದಲಿನಂತೆಯೇ ಕಟ್ಟಿ, ತಮಗೆ ಊರಲ್ಲಿ ಕೆಲಸವಿದೆ ಎಂದು ಹೊರಟುಹೋದರು.

ಅಷ್ಟರಲ್ಲಿ ಮಳೆ ಬಿತ್ತು. ಮಣ್ಣಿನ ವಾಸನೆ ಬಂದಿದ್ದೇ ತಡ, ನಮ್ಮವರು ಎದ್ದರು. ಎತ್ತು ಹೂಡಿಕೊಂಡು ಬರುತ್ತೇನೆ ಅಂದರು. ನಾನು ಬೇಡವೆಂದೆ. ಅವರು ದನ ಕಟ್ಟುವ ಜಾಗದ ತನಕ ನಡೆದು, ಅಲ್ಲಿ ಬಿದ್ದರು. ಈಗ ಅವರನ್ನು ಎತ್ತುವವರು ಯಾರು ಎಂಬ ಪ್ರಶ್ನೆ ಬಂತು. ಓಣಿಯಲ್ಲಿ ಭಾರದ ವಸ್ತು ಏನಿದ್ದರೂ ಎತ್ತಲು ಇವರನ್ನೇ ಕರೆಯುತ್ತಿದ್ದರು. ಕಡೆಗೆ ಓಣಿಯ ಗಂಡಸರೆಲ್ಲ ಸೇರಿ, ಹೊರಸು ತಂದು, ಅದರ ಮೇಲೆ ಇವರನ್ನು ಉರುಳಿಸಿ ಒಳಗೆ ಒಯ್ದರು. ಒಬ್ಬರು "ಏನ್ ತೂಕೋ ಮಾರಾಯಾ" ಅಂದದ್ದು ಕೇಳಿಸಿತು. ನಮ್ಮವರು ಗೋಡೆಯ ಕಡೆ ಮುಖ ಮಾಡಿದರು. ಬಹಳ ಹೊತ್ತು ಈ ಕಡೆ ತಿರುಗಲಿಲ್ಲ.

ಆ ದಿನ ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು. ಎಳೆದವರ ಮೇಲೂ, ಶಿವನಿಗೆ ಬಿಟ್ಟು ಕೂತವರ ಮೇಲೂ. ವಿಜಾಪುರದ ದವಾಖಾನೆಗೆ ಒಯ್ಯೋಣ ಎಂದು ನಾನೇ ಬಾಯಿ ಬಿಟ್ಟು ಹೇಳಿದೆ. ಆ ಮನೆಯಲ್ಲಿ ನಾನು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ನಮ್ಮವರು ಗೋಡೆಯ ಕಡೆಯಿಂದಲೇ ಹೇಳಿದರು: "ಅಲ್ಲಿ ಕಾಲ ಕತ್ತರಸ್ತಾರ."

ಅತ್ತೆ ಹೇಳಿದರು: "ಕತ್ತರಿಸಿದ್ರ ಕತ್ತರಸ್ಲಿ. ಆಕಿ ಹೇಳೂದು ಖರೆ ಐತಿ. ಶಿವ ಬರೇ ಗುಡ್ಯಾಗ ಕುಂತಿರತಾನೇನು? ದವಾಖಾನ್ಯಾಗೂ ಇರತಾನ."

ಅತ್ತೆಯಿಂದ ಇಂಥ ಮಾತು ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ತಿಕೋಟಾಕ್ಕೆ ಹೇಳಿಕಳಿಸಿದೆವು. ಅತ್ತೆಯ ತಮ್ಮ, ನಮ್ಮವರ ಸೋದರಮಾವ, ಚಕ್ಕಡಿ ಹೂಡಿಕೊಂಡು ಬಂದರು. ಬಡಕಲು ಮನುಷ್ಯ, ಮಾತು ಕಡಿಮೆ, ಎತ್ತುಗಳ ಜೊತೆ ಮಾತ್ರ ಮಾತಾಡುವರು. ಚಕ್ಕಡಿಯಲ್ಲಿ ಜೋಳದ ಕಣಿಕೆ ಹಾಸಿ, ಅದರ ಮೇಲೆ ಕೌದಿ ಹಾಕಿ, ನಮ್ಮವರನ್ನು ಮಲಗಿಸಿದೆವು. ಅತ್ತೆ ತಲೆಯ ಕಡೆ, ನಾನು ಕಾಲಿನ ಕಡೆ. ಬೆಳಗಿನ ತಂಪಿನಲ್ಲಿ ಹೊರಟೆವು.

ವಿಜಾಪುರಕ್ಕೆ ಹೋಗಲು ನಡುವೆ ಡೋಣಿ ನದಿಯನ್ನು ದಾಟಬೇಕು. ಡೋಣಿಯಲ್ಲಿ ನೀರಿಗಿಂತ ಕೆಸರಿನ ಹೆದರಿಕೆ ಹೆಚ್ಚು. ಆ ಎರೆಮಣ್ಣು ಹಸಿಯಾದರೆ ಹಿಡಿದದ್ದನ್ನು ಬಿಡುವುದಿಲ್ಲ. ನಮ್ಮ ಕಡೆ ಮಳೆ ಸ್ವಲ್ಪವೇ ಆಗಿತ್ತು. ಮೊಣಕಾಲ ತನಕವೂ ಇಲ್ಲದ ನೀರು. ಸೋದರಮಾವ ಇಳಿದು ನೋಡಿ, ದಾಟಬಹುದು ಅಂದರು. ಎತ್ತುಗಳು ಇಳಿದವು, ನೀರು ದಾಟಿದವು. ಆಚೆ ದಂಡೆ ಹತ್ತುವಲ್ಲಿ ಒಂದು ಗಾಲಿ ಅಚ್ಚಿನ ತನಕ ಹೂತುಹೋಯಿತು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದು ಆ ಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು: ನಮ್ಮವರನ್ನು ಕರೆಯಬೇಕು. ಅವರು ಗಾಲಿಗೆ ಹೆಗಲು ಕೊಟ್ಟು ಎಷ್ಟೋ ಚಕ್ಕಡಿಗಳನ್ನು ಎತ್ತಿದ್ದರು. ಅದೇ ಮನುಷ್ಯ ಈಗ ಚಕ್ಕಡಿಯೊಳಗೆ ಮಲಗಿದ್ದರು, ಅದೂ ಎಲ್ಲಕ್ಕಿಂತ ಭಾರದ ಸಾಮಾನಾಗಿ.

ಸೋದರಮಾವ ಎತ್ತುಗಳನ್ನು ಹುರಿದುಂಬಿಸಿದರು. ನಾನು ಸೀರೆ ಎತ್ತಿ ಕಟ್ಟಿ ಇಳಿದು ಹಿಂದಿನಿಂದ ನೂಕಿದೆ. ಗಾಲಿ ಇನ್ನಷ್ಟು ಇಳಿಯಿತು.

ನಮ್ಮವರು ಮೊಣಕೈ ಊರಿ ಎದ್ದರು. "ನಾ ಇಳೀತೇನಿ."

"ಕುಂದರು," ಅಂದರು ಅತ್ತೆ.

"ಒಂದ ಸಲ ಹೆಗಲ ಕೊಟ್ರ ಆತು, ಯವ್ವಾ."

"ಹೆಗಲ ಐತಿ. ಕಾಲ ಎಲ್ಲೈತಿ?"

ಅವರು ಕೇಳಲಿಲ್ಲ. ಇಳಿದರು. ಗಾಲಿಯ ಪಕ್ಕಕ್ಕೆ ಹೋಗಿ, ಬಗ್ಗಿ, ಹೆಗಲು ಕೊಟ್ಟರು. ಚಕ್ಕಡಿ ಒಮ್ಮೆ ಮೇಲೆದ್ದಿತು. ಅದನ್ನು ನಾನು ಕಣ್ಣಾರೆ ಕಂಡೆ. ಆ ಸ್ಥಿತಿಯಲ್ಲೂ ಅಷ್ಟು ಶಕ್ತಿ ಇತ್ತು. ಆಮೇಲೆ ಎಡಗಾಲು ಮಡಚಿಕೊಂಡಿತು. ಅವರು ಮಗ್ಗುಲಾಗಿ ಕೆಸರಿನಲ್ಲಿ ಬಿದ್ದರು. ಚಕ್ಕಡಿ ಇದ್ದಲ್ಲಿಗೇ ಬಂದು ಕೂತಿತು. ಮೊದಲು ಚಕ್ಕಡಿಯೊಂದೇ ಸಿಕ್ಕಿಬಿದ್ದಿತ್ತು. ಈಗ ಎರಡಾದವು.

ನಾನು, ಸೋದರಮಾವ ಸೇರಿ ಅವರನ್ನು ಎಳೆದೆವು. ಬರಲಿಲ್ಲ. ಜತ್ತದ ಕಡೆ, ನದಿ ಹರಿದು ಬರುವ ದಿಕ್ಕಿನಲ್ಲಿ, ಮುಗಿಲು ಕಪ್ಪಾಗಿತ್ತು. ಸೋದರಮಾವ ಅತ್ತ ಒಮ್ಮೆ ನೋಡಿ ಕೊರಳಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಅವರು ಏನೂ ಹೇಳದಿದ್ದರೂ ನನಗೆ ತಿಳಿಯಿತು. ಮೇಲೆ ಮಳೆಯಾದರೆ ಡೋಣಿ ಒಮ್ಮೆಲೇ ತುಂಬಿ ಬರುತ್ತದೆ.

ಅತ್ತೆ ಚಕ್ಕಡಿಯಿಂದ ಇಳಿದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗನ ಹತ್ತಿರ ಕೆಸರಿನಲ್ಲಿಯೇ ಕೂತರು. ಅವರ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಈಗರ ಕೇಳು," ಅಂದರು.

"ಯಾರಿಗೆ?"

"ನಾ ದಿನಾ ಯಾರಿಗೆ ಕೇಳತೇನಿ, ಅವಗ."

ನಮ್ಮವರು ಕಪ್ಪಾದ ಮುಗಿಲನ್ನು ನೋಡಿದರು. ಮುಖದ ಒಂದು ಬದಿಗೆ ಪೂರ್ತಿ ಕೆಸರು. ಆಮೇಲೆ ಯಾರಿಗೋ ಎದುರು ಕೂತು ಹೇಳಿದ ಹಾಗೆ, ದನಿ ಏರಿಸದೆ ಹೇಳಿದರು: "ಶಿವನ, ನನ್ನ ಕೈಲೆ ಆಗವಲ್ದು. ಇನ್ನ ನೀ ನೋಡು."

ಅಷ್ಟೇ. ಕೈ ಮುಗಿಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಹೇಳಿ, ತಾಯಿಯ ತೊಡೆಯ ಮೇಲೆ ತಲೆಯ ಭಾರ ಬಿಟ್ಟರು.

ಇಂಥ ಕಡೆ ಕೂಡಲೇ ಏನಾದರೂ ಆಗಬೇಕು. ಪುರಾಣದಲ್ಲಿ ಆಗುತ್ತದೆ. ನಮಗೆ ಏನೂ ಆಗಲಿಲ್ಲ. ಎತ್ತುಗಳು ಬಾಲ ಬೀಸಿದವು. ಒಂದು ಬೆಳ್ಳಕ್ಕಿ ಬಂದು ನಮ್ಮನ್ನು ನೋಡಿ ಹೋಯಿತು. ನಾನು ದಂಡೆ ಹತ್ತಿ ಎರಡೂ ಕಡೆ ನೋಡಿ ಬಂದೆ, ಯಾರೂ ಇರಲಿಲ್ಲ. ಅತ್ತೆ ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು ತುಟಿ ಆಡಿಸುತ್ತಿದ್ದರು. ಆಶ್ಚರ್ಯವೆಂದರೆ ನಮ್ಮವರ ಮುಖ. ಜ್ವರ ಬಂದಾಗಿನಿಂದ ಹುಬ್ಬಿನ ನಡುವೆ ಒಂದು ಗಂಟು ಕಟ್ಟಿತ್ತು. ಅದು ಈಗ ಇರಲಿಲ್ಲ. ನಿದ್ದೆ ಮಾಡುತ್ತಿದ್ದಾರೋ ಏನೋ ಎಂದು ನಾನು ಹತ್ತಿರ ಹೋಗಿ ನೋಡಿದೆ. ಎಚ್ಚರವಿದ್ದರು.

ಬಿಸಿಲು ಏರಿದ ಮೇಲೆ ದಂಡೆಯ ಮೇಲೆ ಹತ್ತಿಕಟ್ಟಿಗೆಯ ಹೊರೆಗಳು ಕಾಣಿಸಿದವು. ಹೊರೆಗಳ ಕೆಳಗೆ ಹೆಂಗಸರು. ಹತ್ತಿ ಬಿಡಿಸಿ ಆದ ಮೇಲೆ ಹೊಲದಲ್ಲಿ ಉಳಿದ ಕಟ್ಟಿಗೆಯನ್ನು ಕಿತ್ತು, ಒಣಗಿಸಿ, ಉರುವಲಿಗೆಂದು ಸಂತೆಗೆ ಒಯ್ಯುತ್ತಿದ್ದವರು. ನಮ್ಮನ್ನು ಕಂಡು ನಿಂತರು. ಆದರೆ ಕೆಳಗೆ ಇಳಿಯಲಿಲ್ಲ. ಅವರಲ್ಲಿ ಹಿರಿಯಳಾದವಳು ಅಲ್ಲಿಂದಲೇ ಕೂಗಿದಳು:

"ಏನಾತ್ರೀ ಯವ್ವಾ?"

ನಾನು ಹೇಳಿದೆ. ಆಕೆ ಕೇಳಿಸಿಕೊಂಡು, ಉಳಿದವರ ಮುಖ ನೋಡಿ, ಮತ್ತೆ ಅಲ್ಲಿಂದಲೇ ಹೇಳಿದಳು: "ನಾವು ಊರ ಹೊರಗಿನ ಕೇರ್ಯಾಕಿಗೋಳ್ರಿ. ಮುಟ್ಟಿದ್ರ ನಡೀತೈತೇನ್ರಿ?"

ಆ ಕಾಲ ಹಾಗಿತ್ತು. ಅವರಿಗೆ ನಮ್ಮ ಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಬಾವಿಯ ಮೆಟ್ಟಿಲು ಇಳಿಯಲು ಬಿಡುತ್ತಿರಲಿಲ್ಲ. ನಾವೇ ಮೇಲಿನಿಂದ ನೀರು ಸುರಿಯುತ್ತಿದ್ದೆವು. ಓದಿದವಳು ಎನ್ನಿಸಿಕೊಂಡ ನಾನೂ ಸುರಿದವಳೇ.

ನಾನು ಅತ್ತೆಯ ಮುಖ ನೋಡಿದೆ. ಲಿಂಗ ಇನ್ನೂ ಅವರ ಅಂಗೈಯಲ್ಲಿತ್ತು. ಅವರು ಅದನ್ನು ನೋಡಿದರು, ದಂಡೆಯ ಮೇಲಿದ್ದ ಹೆಂಗಸರನ್ನು ನೋಡಿದರು.

ಮಾತಾಡಿದವರು ನಮ್ಮವರು. "ಬ್ಯಾಡ ಅನ್ನಾಕ ನಾ ಎಲ್ಲಿ ಬಿದ್ದೇನಿ ನೋಡ್ರಿ," ಅಂದರು. "ಮುಟ್ರವ್ವ."

ಆಮೇಲೆ ಅತ್ತೆ ನಿಧಾನವಾಗಿ ಲಿಂಗವನ್ನು ಕುಪ್ಪಸದೊಳಗೆ ಸೇರಿಸಿದರು. ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಕಳಸು ಅಂತ ನಾವ ಕೇಳೇವಿ. ಇಂಥಾವ್ರ ಬೇಕು ಅಂತ ಆರಿಸಾಕ ನಾವ್ಯಾರು?"

ಹೆಂಗಸರು ಹೊರೆ ಇಳಿಸಿ ಬಂದರು. ನಮ್ಮವರ ತೋಳು, ಸೊಂಟ, ಕಾಲು ಹಿಡಿದು ಎತ್ತಿದರು. ಓಣಿಯ ಗಂಡಸರು ಹೊರಸಿನ ಮೇಲೆ ಉರುಳಿಸಿದ ಹಾಗೆ ಅಲ್ಲ, ಒಬ್ಬರಿಗೊಬ್ಬರು ಹೇಳಿಕೊಂಡು, ಬಾತ ಕಾಲಿಗೆ ಪೆಟ್ಟಾಗದಂತೆ. ದಂಡೆಯ ಮೇಲೆ ಒಂದು ಜಾಲಿಮರದ ನೆರಳಿಗೆ ಒಯ್ದು ಮಲಗಿಸಿದರು. ತಿರುಗಿ ಬಂದು, ತಮ್ಮ ಹೊರೆಗಳನ್ನು ಬಿಚ್ಚಿ, ಹತ್ತಿಕಟ್ಟಿಗೆಯನ್ನು ಗಾಲಿಯ ಮುಂದೆ, ಕೆಳಗೆ ತುರುಕಿದರು. ಒಂದು ಹೊರೆ ಸಾಲಲಿಲ್ಲ. ಎಲ್ಲ ಹೊರೆಗಳೂ ಹೋದವು. ಸೋದರಮಾವ ಎತ್ತುಗಳಿಗೆ ಏನೋ ಹೇಳಿದರು, ನಾವು ಹೆಂಗಸರೆಲ್ಲ ಹಿಂದಿನಿಂದ ನೂಕಿದೆವು. ಕಟ್ಟಿಗೆ ಪಟಪಟ ಮುರಿಯಿತು. ಗಾಲಿ ಅದನ್ನು ಹಿಡಿದು ಮೇಲೆ ಬಂತು.

ನಮ್ಮವರನ್ನು ಮತ್ತೆ ಚಕ್ಕಡಿಗೆ ಏರಿಸಿದ್ದೂ ಅವರೇ. ಕೆಸರಿನಲ್ಲಿ ಹೂತುಹೋದ ಕಟ್ಟಿಗೆಯನ್ನು ನೋಡುತ್ತ ಹಿರಿಯಳು, "ಇವತ್ತ ಸಂತಿ ಆತು," ಅಂದಳು. ದೂರು ಹೇಳುವ ದನಿಯಲ್ಲ. ಅತ್ತೆ ಅವಳ ಊರು ಕೇಳಿಕೊಂಡರು.

ನಾವು ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಸದ್ದು ಕೇಳಿಸಿತು. ಸೋದರಮಾವ ತಿರುಗಿ ನೋಡಿ, "ಹೊಳಿ ಬಂತು," ಅಂದರು. ಆ ದಿನ ಅವರು ಮನುಷ್ಯರಿಗೆ ಹೇಳಿದ ಕೆಲವೇ ಮಾತುಗಳಲ್ಲಿ ಅದೂ ಒಂದು. ಅತ್ತೆ 'ಶಿವ ಅದಾನ' ಅನ್ನಲಿಲ್ಲ. ಹೇಳುವ ಅಗತ್ಯ ಇರಲಿಲ್ಲವೋ, ಹೇಳಲು ಹೆದರಿಕೆಯಾಯಿತೋ.

ದವಾಖಾನೆಯ ಡಾಕ್ಟರರು ಕಾಲನ್ನು ನೋಡಿ ನಮ್ಮೆಲ್ಲರನ್ನೂ ಬೈದರು. ಬೈಯುವುದು ಮುಗಿದ ಮೇಲೆ ಕೊಯ್ದು ಕೀವು ತೆಗೆದರು, ಬಿಳಿ ಪುಡಿ ಹಾಕಿ ಕಟ್ಟಿದರು. ಕಾಲು ಉಳಿಯುತ್ತದೆಯೇ ಎಂದು ನಾನು ಕೇಳಿದೆ. "ನಾನು ಮಾಡುವುದು ಮಾಡಿದ್ದೇನೆ," ಅಂದರು. ಮುಂದಿನದು ಯಾರ ಕೈಯಲ್ಲಿದೆ ಎಂದು ಅವರು ಹೇಳಲಿಲ್ಲ. ಮೇಲೆ ಮಾತ್ರ ನೋಡಿದರು. ಮೇಲೆ ಹೆಂಚಿತ್ತು.

ದವಾಖಾನೆಯಿಂದ ಬಿಟ್ಟ ಮೇಲೂ ದಿನಾ ಕಟ್ಟು ಬದಲಿಸಬೇಕಾಗಿತ್ತು. ಹಾಗಾಗಿ ಅತ್ತೆ ಊರಿಗೆ ತಿರುಗಿದರು, ನಾವಿಬ್ಬರು ಇಬ್ರಾಹಿಂಪುರದ ನನ್ನ ತವರಿನಲ್ಲಿ ಉಳಿದೆವು. ಅಳಿಯನಾದವನು ಮಾವನ ಮನೆಯಲ್ಲಿ ಹೊರಸಿನ ಮೇಲೆ ಬಿದ್ದಿರುವುದು ಅವಮಾನದ ಸಂಗತಿ. ನನ್ನ ತಾಯಿ ಅವರಿಗೆ ತಿನ್ನಿಸಿ ತಿನ್ನಿಸಿ ಆ ಅವಮಾನವನ್ನು ಇನ್ನಷ್ಟು ಹೆಚ್ಚು ಮಾಡಿದಳು. ರೈಲು ಹೋದಾಗ ಗೋಡೆಯ ಗೂಡಿನಲ್ಲಿದ್ದ ಬಟ್ಟಲುಗಳು ಅಲುಗುತ್ತಿದ್ದವು. ಅವರು ಅದನ್ನು ಕೇಳುತ್ತ ಮಲಗಿರುತ್ತಿದ್ದರು.

ಅಲ್ಲಿಯೇ ಒಂದು ದಿನ ಕಟ್ಟು ಬಿಚ್ಚಿದಾಗ ಗಾಯದ ಬದಿಯಲ್ಲಿ ಬಿಳಿಯ ತುದಿಯೊಂದು ಕಾಣಿಸಿತು. ಒಳಗೆ ಉಳಿದಿದ್ದ ನಾರಿನ ತುಂಡು. ಈ ಸಲ ನಮ್ಮವರು ಅದನ್ನು ಮುಟ್ಟಲಿಲ್ಲ. ಮುಟ್ಟಬಾರದೆಂದು ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿ, ಬೆರಳಲ್ಲಿ ಬೆರಳು ಸಿಕ್ಕಿಸಿ ಮಲಗಿದರು. ನನ್ನ ತಾಯಿ ಅದನ್ನು ನೋಡಿ, ಅಳಿಯ ದೊಡ್ಡ ಭಕ್ತನೆಂದು ಓಣಿಯಲ್ಲೆಲ್ಲ ಹೇಳಿಬಂದಳು. ಕೈಗಳನ್ನು ಕಟ್ಟಿಹಾಕಿಕೊಳ್ಳಲು ಹಾಗೆ ಮಾಡಿದ್ದು ಎಂದು ನನಗೊಬ್ಬಳಿಗೇ ಗೊತ್ತಿತ್ತು. ತುಂಡು ತಾನಾಗಿಯೇ, ತನಗೆ ಬೇಕಾದಾಗ, ಬಂದು ಬಿತ್ತು. ಆಮೇಲೂ ಅವರು ಸಂಜೆ ಹೊತ್ತು ಹಾಗೆಯೇ ಕೈ ಜೋಡಿಸಿ ಮಲಗುತ್ತಿದ್ದರು. ಕಟ್ಟಿಹಾಕಿದ ಕೈ ಯಾವಾಗಿನಿಂದ ಮುಗಿದ ಕೈಯಾಯಿತು ಎಂದು ನಾನು ಗುರುತಿಸಲಿಲ್ಲ.

ಆ ಹೊತ್ತಿಗೆ ಊರಿನಲ್ಲಿ ಬಿತ್ತನೆ ಮುಗಿದಿತ್ತು. ಅತ್ತೆ ಮತ್ತು ಸೋದರಮಾವ ಮಾಡಿಸಿದ್ದರು. ನಾವು ಬಬಲೇಶ್ವರಕ್ಕೆ ತಿರುಗಿ ಬಂದಾಗ ಹೆಸರು ಹೂ ಬಿಟ್ಟಿತ್ತು. ನಮ್ಮವರು ಕೋಲು ಊರಿಕೊಂಡು ಹೊಲದ ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು. ತಾವು ಬಿತ್ತಿದಾಗ ಎಷ್ಟು ಚೆನ್ನಾಗಿ ಬರುತ್ತಿತ್ತೋ ಅಷ್ಟೇ ಚೆನ್ನಾಗಿ ಬಂದಿತ್ತು. ಅದರಿಂದ ಅವರಿಗೆ ಸ್ವಲ್ಪ ನೋವಾಯಿತು ಎಂದು ನನಗೆ ಅನ್ನಿಸುತ್ತದೆ.

"ಚಲೋ ಬಂದೈತಲ್ರಿ," ಅಂದೆ.

"ಬಂದೈತಿ," ಅಂದರು. ಸ್ವಲ್ಪ ಹೊತ್ತಿನ ಮೇಲೆ, "ನಾ ಇಲ್ಲದನೂ ಬರತೈತಿ," ಅಂದರು.

ಸುಗ್ಗಿಯಾದ ಮೇಲೆ ಅತ್ತೆ ನನ್ನನ್ನು ಕರೆದುಕೊಂಡು ಆ ಹೆಂಗಸರ ಊರಿಗೆ ಹೋದರು. ಚಕ್ಕಡಿಯಲ್ಲಿ ಕಾಳು, ಜೊತೆಗೆ ನಮ್ಮ ಹೊಲದ ಹತ್ತಿಕಟ್ಟಿಗೆ. ಕೇರಿಯ ಅಂಗಳದಲ್ಲಿ ಅತ್ತೆ ನಿಂತೇ ಮಾತಾಡಿದರು. ಹಿರಿಯಳು ಮಗನ ಕಾಲು ಹೇಗಿದೆ ಎಂದು ಕೇಳಿದಳು. ನೀರು ಕುಡಿಯಿರಿ ಅನ್ನಲಿಲ್ಲ. ಹಾಗೆ ಅನ್ನುವ ರೂಢಿ ಇರಲಿಲ್ಲ. ಹೊರಡುವ ಹೊತ್ತಿಗೆ ಅತ್ತೆಯೇ ಹೇಳಿದರು: "ನೀರಡಿಕಿ ಆಗೈತವಾ."

ಆಕೆ ಅತ್ತೆಯ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ, ತಂಬಿಗೆಯನ್ನು ಬೂದಿಯಿಂದ ತಿಕ್ಕಿ ತೊಳೆದು, ನೀರು ತಂದಳು. ಅತ್ತೆ ಕುಡಿದರು. ನನಗೂ ಕೊಟ್ಟರು, ನಾನೂ ಕುಡಿದೆ. ಚಕ್ಕಡಿ ಕೇರಿ ದಾಟಿದ ಮೇಲೆ ಅತ್ತೆ ನನಗೆ ಹೇಳಿದರು: "ಊರಾಗ ಹೇಳಬ್ಯಾಡ."

ನಾನು ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

ಮರುವರ್ಷ ಅದೇ ಮಿರಗದ ಹೊತ್ತಿಗೆ ನಮ್ಮವರಿಗೆ ಇನ್ನೊಂದು ನಾರು ಬಂತು. ಈ ಸಲ ಬಲಗಾಲಿಗೆ. ಎಡಗಾಲು ಮೊದಲೇ ಗಟ್ಟಿಯಾಗಿ, ಹರಡು ಬಾಗದಂತಾಗಿತ್ತು. ಮನೆಯಲ್ಲಿ ಎಲ್ಲರೂ ಅವರ ಕೈಗಳನ್ನೇ ನೋಡುತ್ತಿದ್ದೆವು. ಅವರು ಕಡ್ಡಿಗೆ ತುದಿ ಸುತ್ತಿ, ಕಾಲಿಗೆ ಕಟ್ಟಿಕೊಂಡು, ಪಡಸಾಲೆಯಲ್ಲಿ ಕೂತು ಹಗ್ಗ ಹೊಸೆಯತೊಡಗಿದರು. ಬೆಳಿಗ್ಗೆ ತಣ್ಣೀರು ಹಾಕಿ ಕಡ್ಡಿ ತಿರುಗಿಸುವರು. ಬಂದರೆ ಬಂತು. ಬಾರದಿದ್ದರೆ ಹಗ್ಗ. ಆ ವರ್ಷ ನಮ್ಮ ಮನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹಗ್ಗಗಳಾದವು.

ನಾನು ಹತ್ತಿರ ಕೂತು ಸೊಪ್ಪು ಸೋಸುತ್ತಿದ್ದ ಒಂದು ದಿನ, ಬಹಳ ದಿನಗಳಿಂದ ಕೇಳಬೇಕೆಂದಿದ್ದನ್ನು ಕೇಳಿದೆ. "ಡೋಣ್ಯಾಗ ಬಿದ್ದಾಗ ಶಿವಗ ಹಂಗ ಅಂದ್ರೆಲ್ಲ, ನಂಬಿ ಅಂದ್ರೋ, ಬ್ಯಾರೆ ದಾರಿ ಇಲ್ಲ ಅಂತ ಅಂದ್ರೋ?"

ಅವರು ಹಗ್ಗದ ಎಳೆಯನ್ನು ತೊಡೆಯ ಮೇಲೆ ಉಜ್ಜುತ್ತ ಯೋಚಿಸಿದರು. "ಮದಲ ಸಿಟ್ಟಿಲೆ ಅಂದೆ," ಅಂದರು. "ಯವ್ವ ಬಿಡವಲ್ಲಳು, ಅಂದು ಮುಗಸೂಣು ಅಂತ. ಅಂದ ಮ್ಯಾಲ ಹೆಗಲ ಮ್ಯಾಲಿಂದ ಏನೋ ಇಳಿಸಿದಂಗ ಆತು. ಅಷ್ಟ ವರ್ಷ ಅದನ್ನ ಹೊತ್ತಿದ್ದೆ ಅಂತ ನನಗ ಗೊತ್ತ ಇರಲಿಲ್ಲ."

"ಮತ್ತ ಯಾರೂ ಬರದ ಇದ್ದಿದ್ರ?"

"ಬರದ ಇದ್ದಿದ್ರ ಹೊಳಿ ಬರತಿತ್ತು." ಹೊಸ ಎಳೆ ಕೈಗೆತ್ತಿಕೊಂಡು ಹೇಳಿದರು: "ಅದೂ ನನಗ ಆವತ್ತ ಗೊತ್ತಿತ್ತು. ಹೆದರಿಕಿ ಆಗಲಿಲ್ಲ. ಯಾಕ ಅಂತ ಕೇಳಬ್ಯಾಡ, ನನಗೂ ತಿಳಿದಿಲ್ಲ."

ಅವರು ಹಗ್ಗವನ್ನು ಬದಿಗಿಟ್ಟು, ಹೊಲದಲ್ಲಿ ಸೋದರಮಾವ ಬಿತ್ತುತ್ತಿದ್ದಾರೆ, ಬುತ್ತಿ ಕಳಿಸಬೇಕು ಅಂದರು. ನಾನು ಎದ್ದು ಹೋಗಿ ರೊಟ್ಟಿ, ಪುಂಡಿಪಲ್ಯ, ಮೇಲೆ ಒಂದಿಷ್ಟು ಶೇಂಗಾಚಟ್ನಿ ಇಟ್ಟು ಕಟ್ಟಿದೆ.